ಅವರ ನಡಿಗೆ, ನನ್ನ ನಿದ್ದೆ

ನನ್ನ ಗಂಡ ಮರದಿಂದ ಬಿದ್ದ ಮೇಲೆ ಎರಡು ವರ್ಷ ನಾನು ಒಂದೇ ಏಟಿಗೆ ಎರಡು ಗಂಟೆಗಿಂತ ಹೆಚ್ಚು ನಿದ್ದೆ ಮಾಡಿದ್ದಿಲ್ಲ.

ಅವರು ಎಳನೀರು ಇಳಿಸುವವರು. ನಮ್ಮದು ದಂಡಿನಶಿವರದ ಪಕ್ಕದ ಸಣ್ಣ ಊರು. ಅವರ ಕೆಲಸ ಮಾತ್ರ ತುರುವೇಕೆರೆ ಸುತ್ತಿನ ಎಲ್ಲ ತೋಟಗಳಲ್ಲೂ ಇರುತ್ತಿತ್ತು. ಸಂಪಿಗೆ ಎಂಬ ಊರಿನ ಹತ್ತಿರ ಒಂದು ತೋಟದಲ್ಲಿ, ಆವತ್ತಿನ ಹತ್ತನೆಯ ಮರವೋ ಹನ್ನೊಂದನೆಯದೋ, ಗೊನೆಗೆ ಹಗ್ಗ ಬಿಗಿಯುವಾಗ ಕೈ ಜಾರಿತಂತೆ. ಬೆನ್ನುಮೂಳೆ ಮುರಿದು ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿತು. ಮೂರು ತಿಂಗಳು ಬೆಂಗಳೂರಿನ ಆಸ್ಪತ್ರೆಯಲ್ಲಿದ್ದೆವು. ಮನೆಗೆ ಕಳಿಸುವ ದಿನ ಒಬ್ಬ ನರ್ಸಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ಹಗಲೂ ರಾತ್ರಿ ಎರಡು ಗಂಟೆಗೊಂದ್ಸಲ ಮಗ್ಗುಲು ಬದಲಾಯಿಸ್ಬೇಕಮ್ಮ. ಒಂದೇ ಕಡೆ ಮಲಗಿದ್ರೆ ಚರ್ಮ ಕೊಳೆಯುತ್ತೆ. ಅವರಿಗೆ ಅಲ್ಲಿ ನೋವು ಗೊತ್ತಾಗಲ್ಲ. ನೀವೇ ನೋಡ್ತಾ ಇರ್ಬೇಕು" ಅಂದರು.

ಅಂದಿನಿಂದ ನನ್ನ ರಾತ್ರಿಗಳು ತುಂಡಾದವು. ಹತ್ತು, ಹನ್ನೆರಡು, ಎರಡು, ನಾಲ್ಕಕ್ಕೆ ಫೋನಿನಲ್ಲಿ ಅಲಾರಂ. ಎದ್ದು, ಒಂದು ಕೈಯನ್ನು ಅವರ ಹೆಗಲ ಕೆಳಗೆ, ಇನ್ನೊಂದನ್ನು ತೊಡೆಯ ಕೆಳಗೆ ತೂರಿಸಿ ಉರುಳಿಸಬೇಕು. ಮಂಡಿಗಳ ನಡುವೆ ಒಂದು ದಿಂಬು, ಬೆನ್ನಿಗೆ ಒಂದು ದಿಂಬು. ಆಮೇಲೆ ಮತ್ತೆ ನೆಲದ ಚಾಪೆಯ ಮೇಲೆ ಬೀಳುವುದು. ಬೆಳಗಾದರೆ ಹೊಲಿಗೆ ಯಂತ್ರದ ಮುಂದೆ ಕೂರುತ್ತಿದ್ದೆ. ಊರಿನ ಹೆಂಗಸರ ರವಿಕೆಗಳಿಂದಲೇ ಮನೆ ನಡೆಯಬೇಕಿತ್ತು. ಎಡದ ತೋಳನ್ನು ಬಲಕ್ಕೆ ಹೊಲಿದು ಬಿಚ್ಚಿದ್ದು ಎಷ್ಟು ಸಲವೋ. ಒಮ್ಮೆ ತೂಕಡಿಸಿ, ಸೂಜಿ ನನ್ನ ತೋರುಬೆರಳಿನ ಉಗುರನ್ನು ತೂತು ಮಾಡಿತು. ಜೊತೆಗೆ ಅತ್ತೆ ಇದ್ದರು. ಮಂಡಿನೋವು ಇದ್ದುದರಿಂದ ಹಗಲಿನ ಒಂದೆರಡು ಸರದಿ ಮಾತ್ರ ಅವರಿಂದ ಆಗುತ್ತಿತ್ತು.

ಆಸ್ಪತ್ರೆಯಲ್ಲಿ ಪಕ್ಕದ ಮಂಚದಲ್ಲಿದ್ದ ಒಬ್ಬ ಲಾರಿ ಡ್ರೈವರ್ ಆಗಾಗ ನಮ್ಮವರಿಗೆ ಫೋನು ಮಾಡುತ್ತಿದ್ದ. ಅಪಘಾತದಲ್ಲಿ ಅವನಿಗೂ ಹೀಗೇ ಆಗಿತ್ತು. ಒಂದು ಸಂಜೆ ಸ್ಪೀಕರಿನಲ್ಲಿ ಅವನ ದನಿ ನಮಗೆಲ್ಲ ಕೇಳಿಸಿತು.

"ಗುರುವೇ, ನಿನ್ನೆ ರಾತ್ರಿ ಗಾಡಿ ಓಡಿಸ್ದೆ. ಕ್ಲಚ್ ತುಳಿದಿದ್ದು ಕಾಲಿಗೆ ಗೊತ್ತಾಯ್ತು."

ಅದು ಕನಸಿನ ಮಾತು. ಕನಸಿನ ಒಳಗಿರುವಾಗಲೇ ಇದು ಕನಸು ಎಂದು ಗುರುತು ಹಿಡಿಯುವುದನ್ನು ಕಲಿತರೆ, ಆಮೇಲೆ ಕನಸು ನಾವು ಹೇಳಿದ ಹಾಗೆ ಕೇಳುತ್ತದೆ ಎಂದು ಆತ ವಿವರಿಸಿದ. ಅದಕ್ಕೆ ಇಂಗ್ಲಿಷಿನಲ್ಲಿ ಲೂಸಿಡ್ ಡ್ರೀಮ್ ಅನ್ನುತ್ತಾರಂತೆ. ಕಲಿಸುವ ವಿಡಿಯೋಗಳಿವೆ, ಕಳಿಸುತ್ತೇನೆ ಅಂದ.

ಹೊಸ್ತಿಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ ತಲೆಯೆತ್ತದೆ ಅಂದರು: "ಲೂಸಂತೆ. ಅವನ ಬಾಯಿಂದ್ಲೇ ಬಂತಲ್ಲ, ಬುಡು."

ಮೂವರೂ ನಕ್ಕೆವು. ಈ ವಿಷಯಕ್ಕೆ ನಾವು ಒಟ್ಟಿಗೆ ನಕ್ಕಿದ್ದು ಅದೊಂದೇ ಸಲ.

ಮಾರನೆಯ ದಿನದಿಂದಲೇ ನಮ್ಮವರು ಅಭ್ಯಾಸಕ್ಕೆ ಬಿದ್ದರು. ಮರ ಹತ್ತುವುದನ್ನು ಕಲಿಯುವಾಗ ಎಷ್ಟು ಹಟ ಇತ್ತೋ ಅಷ್ಟೇ ಹಟ. ಕನಸಿನಲ್ಲಿ ಕೈ ನೋಡಿಕೊಂಡರೆ ಬೆರಳು ಆರೋ ಏಳೋ ಕಾಣಿಸುತ್ತವಂತೆ. ಎಚ್ಚರವಿದ್ದಾಗ ಎಣಿಸುವ ರೂಢಿ ಬಿದ್ದರೆ ಕನಸಿನಲ್ಲೂ ಕೈ ತಾನಾಗಿ ಮೇಲೆ ಬರುತ್ತದೆ, ಆಗ ಕನಸು ಸಿಕ್ಕಿಬೀಳುತ್ತದೆ. ಹಾಗಾಗಿ ಗಂಟೆಗೆ ಹತ್ತು ಸಲ ಅಂಗೈ ನೋಡಿಕೊಂಡು ಬೆರಳು ಎಣಿಸುವುದು, ಮೂಗು ಹಿಡಿದರೂ ಉಸಿರು ಬಂದರೆ ಅದು ಕನಸು ಎಂದು ಎಳೆದು ನೋಡುವುದು. ರವಿಕೆ ಅಳತೆಗೆ ಬಂದ ಹೆಂಗಸರು ಒಳಕ್ಕೊಮ್ಮೆ ಇಣುಕಿ ನನ್ನ ಮುಖ ನೋಡುತ್ತಿದ್ದರು. ನಾನು ಟೇಪನ್ನು ಇನ್ನಷ್ಟು ಬಿಗಿಯಾಗಿ ಎಳೆಯುತ್ತಿದ್ದೆ.

ಆಮೇಲೆ ಒಂದೊಂದಾಗಿ ಬಿಡತೊಡಗಿದರು. ಮೊದಲು ಕಾಫಿ ಹೋಯಿತು. ಸಂಜೆಯ ಟಿವಿ ಹೋಯಿತು. ರಾತ್ರಿ ಮುದ್ದೆ ಆರು ಗಂಟೆಗೇ ಆಗಬೇಕು, ಎಂಟಕ್ಕೆ ದೀಪ ಆರಬೇಕು. ಮಧ್ಯಾಹ್ನ ವೀಲ್ ಚೇರಿನಲ್ಲಿ ಮನೆ ಮುಂದಿನ ಮರಗಳ ನೆರಳಿಗೆ ತಳ್ಳಿಕೊಂಡು ಹೋಗುತ್ತಿದ್ದೆ. ಆ ಹೊತ್ತಿನಲ್ಲಿ ಮಲಗಿದರೆ ಕನಸು ಸಿಗಬಹುದು ಎಂದು ಅದನ್ನೂ ಬಿಟ್ಟರು. ಕಾಲಿನ ಸೆಳೆತಕ್ಕೆ ಕೊಟ್ಟಿದ್ದ ಮಾತ್ರೆಯಿಂದ ನಿದ್ದೆ ಕಲ್ಲಿನಂತಾಗುತ್ತದೆ ಎಂದು ಅದನ್ನು ನುಂಗದೆ ದಿಂಬಿನ ಕೆಳಗೆ ಇಡುತ್ತಿದ್ದರು. ರಾತ್ರಿ ಕಾಲುಗಳು ತಾವೇ ಎಗರಿ ಮಂಚದ ಸರಳಿಗೆ ಬಡಿಯುತ್ತಿದ್ದವು. ಅದನ್ನು ಕೇಳುತ್ತ ನಾನು ಚಾಪೆಯ ಮೇಲೆ ಕಣ್ಣು ಬಿಟ್ಟುಕೊಂಡೇ ಇರುತ್ತಿದ್ದೆ.

ನನಗೆ ನಿಜವಾಗಿ ಹೆದರಿಕೆಯಾದದ್ದು ಅವರು ಗೆಳೆಯರನ್ನು ಬಿಟ್ಟಾಗ. ಜೊತೆಗೆ ಮರ ಹತ್ತುತ್ತಿದ್ದ ಮೂರು ಜನ ದಿನಾ ಸಂಜೆ ಬಂದು ಮಂಚದ ಅಂಚಿನಲ್ಲಿ ಕೂರುತ್ತಿದ್ದರು. ಯಾವ ತೋಟದಲ್ಲಿ ಎಷ್ಟು ಗೊನೆ ಇಳಿಯಿತು, ಯಾವ ಮರದಲ್ಲಿ ಕಣಜ ಗೂಡು ಕಟ್ಟಿದೆ, ಇಂಥವೇ ಮಾತು. ಆ ಅರ್ಧ ಗಂಟೆ ನಮ್ಮವರ ದನಿಯೇ ಬೇರೆಯಾಗುತ್ತಿತ್ತು. ಒಂದು ದಿನ ಅವರಿಗೆ ಹೇಳಿಬಿಟ್ಟರು: "ಇನ್ಮೇಲೆ ಬರಬ್ಯಾಡಿ ಕಣ್ರಲಾ. ನಾನು ಬ್ಯಾಗ ಮಲಗ್ಬೇಕು."

ಮೂವರಲ್ಲಿ ಹಿರಿಯವರು ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ ನನ್ನನ್ನು ಕೇಳಿದರು, "ನಮ್ಮಿಂದೇನಾರ ತಪ್ಪಾಯ್ತೇನವ್ವ?"

ಇಲ್ಲ ಅಂದೆ. ಏನು ವಿವರಿಸಲಿ? ಕನಸಿನಲ್ಲಿ ನಡೆಯಲು ಹೊರಟಿದ್ದಾರೆ ಎಂದೇ?

ಬೆಳಗ್ಗೆ ಕಣ್ಣು ಬಿಟ್ಟ ತಕ್ಷಣ ಅವರು ದಿಂಬಿನ ಪಕ್ಕದ ನೋಟ್‌ಬುಕ್ಕಿನಲ್ಲಿ ಕನಸು ಬರೆಯುವರು. ಬರೆದು ಮುಗಿಯುವವರೆಗೆ ಯಾರೂ ಮಾತಾಡಿಸಕೂಡದು, ಪಾತ್ರೆ ಸದ್ದು ಕೂಡ ಆಗಕೂಡದು. ಅತ್ತೆ ತುದಿಗಾಲಲ್ಲಿ ನಡೆಯಲಾರದೆ ಗೋಡೆ ಹಿಡಿದು ಹಿತ್ತಲಿಗೆ ಹೋಗುತ್ತಿದ್ದರು. "ಮನೇಲಿ ಹೆಣ ಮಲಗ್ಸಿದಂಗೆ ಆಯ್ತಲ್ಲೇ" ಎಂದು ಒಮ್ಮೆ ನನ್ನ ಕಿವಿಯಲ್ಲಿ ಅಂದು, ಅಂದದ್ದಕ್ಕೆ ತಾವೇ ಬಾಯಿ ಮುಚ್ಚಿಕೊಂಡರು.

ಮೂರು ತಿಂಗಳಾದ ಮೇಲೆ ಒಂದು ಬೆಳಗ್ಗೆ, ಇನ್ನೂ ಬರೆಯುವ ಮೊದಲೇ, ಅವರು ನನ್ನನ್ನು ಕರೆದರು. ಮುಖ ಒದ್ದೆಯಾಗಿತ್ತು.

"ನಡೆದೆ ಕಣೇ."

ನಾನು ಮಂಚದ ಪಕ್ಕ ಕುಕ್ಕರುಗಾಲಲ್ಲಿ ಕೂತೆ.

"ಕೈ ನೋಡ್ಕಂಡೆ, ಏಳು ಬೆರಳು. ಓ, ಇದು ಅದೇ ಅಂತ ಗೊತ್ತಾಗೋಯ್ತು. ಎದ್ದೆ. ನೆಲ ತಣ್ಣಗಿತ್ತು, ಅಂಗಾಲಿಗೆ ಗೊತ್ತಾಯ್ತು. ಬಾಗ್ಲು ತೆಗ್ದು ಬೇಲಿ ತಂಕ ಹೋದೆ."

"ಹೋಗಿ?"

"ನಿಂತ್ಕಂಡು ಉಚ್ಚೆ ಹುಯ್ದೆ."

ನನಗೆ ನಗು ಬಂತು. ನಗುತ್ತಲೇ ಅಳು ಬಂತು. ದಿನಕ್ಕೆ ನಾಲ್ಕು ಸಲ ಪೈಪು ಹಾಕಿ ಉಚ್ಚೆ ತೆಗೆಯುವವಳು ನಾನು. ಅವರಿಗೆ ಬೇಕಿದ್ದದ್ದು ಅಷ್ಟೇ ಎಂದು ಆವತ್ತು ಅಂದುಕೊಂಡೆ.

ಅಷ್ಟಕ್ಕೇ ನಿಲ್ಲಲಿಲ್ಲ. ಒಮ್ಮೆ ರುಚಿ ಹತ್ತಿದ ಮೇಲೆ ನನ್ನ ಅಲಾರಂ ಅವರಿಗೆ ಶತ್ರುವಾಯಿತು. "ಈಗ ತಾನೇ ಶುರುವಾಗಿತ್ತು, ಉರುಳಿಸಿ ಕೆಡಿಸ್ಬುಟ್ಟೆ" ಎಂದು ಕತ್ತಲಲ್ಲಿ ಬೈಯುತ್ತಿದ್ದರು. ನಾನೂ ಬಿಡುತ್ತಿರಲಿಲ್ಲ. "ಎದ್ದೇಳೋ ಶೋಕಿ ನಂಗೇನಿಲ್ಲ ಕಣ್ರೀ. ನಿಮ್ ಚರ್ಮ ಉಳಿಸೋಕೆ ಸಾಯ್ತಿರೋದು" ಅನ್ನುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಅತ್ತೆ ಕೆಮ್ಮುತ್ತಿದ್ದರು. ಅದು ನೀವಿಬ್ಬರೂ ಸುಮ್ಮನಾಗಿ ಎಂಬ ಕೆಮ್ಮು.

ಒಂದು ದಿನ ನನಗೆ ಎಚ್ಚರವಾದಾಗ ಕೋಣೆಯ ತುಂಬ ಬೆಳಕಿತ್ತು. ಕಿಟಕಿಯಾಚೆ ಯಾರೋ ಒಣಗಿದ ಗರಿಗಳನ್ನು ಎಳೆದುಕೊಂಡು ಹೋಗುವ ಸದ್ದು. ರಾತ್ರಿ ಹತ್ತರ ಸರದಿ ಮುಗಿಸಿ ಮಲಗಿದವಳು ಎಂಟು ಗಂಟೆಗಳ ಮೇಲೆ ಈಗ ಏಳುತ್ತಿದ್ದೇನೆ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಕೂಡಲೇ ಫೋನಿಗೆ ತಡಕಾಡಿದೆ. ನನ್ನ ಫೋನು ಅವರ ಮಂಚದ ಮೇಲಿತ್ತು, ಅಲಾರಂಗಳೆಲ್ಲ ಆರಿದ್ದವು.

ಅವರನ್ನು ಉರುಳಿಸಿ ಬೆನ್ನ ಕೆಳಗೆ, ಕೂರುವ ಮೂಳೆಯ ಹತ್ತಿರ ನೋಡಿದೆ. ಅಂಗೈಯಗಲ ಕೆಂಪು. ಬೆರಳಿಂದ ಒತ್ತಿದೆ. ಒತ್ತಿದಲ್ಲಿ ಬೆಳ್ಳಗಾಗಿ ಮತ್ತೆ ಕೆಂಪಾಯಿತು. ಹಾಗಾದರೆ ಅಪಾಯವಿಲ್ಲ ಎಂದು ಆಸ್ಪತ್ರೆಯಲ್ಲಿ ಕಲಿಸಿದ್ದರು. ಮಧ್ಯಾಹ್ನದ ಹೊತ್ತಿಗೆ ಕೆಂಪೂ ಹೋಯಿತು.

ಬೈಯಬೇಕೆಂದು ಬಾಯಿ ತೆರೆದೆ. ಬೈಯಲಿಲ್ಲ. ಕಾರಣ ಇಲ್ಲಿ ಬರೆಯುತ್ತೇನೆ, ಆಗ ಯಾರಿಗೂ ಹೇಳಿರಲಿಲ್ಲ. ನನ್ನ ಮೈ ಹಗುರವಾಗಿತ್ತು. ತಲೆಯೊಳಗೆ ಎರಡು ವರ್ಷದಿಂದ ಗುಂಯ್ಗುಡುತ್ತಿದ್ದುದು ನಿಂತಿತ್ತು. ನನಗೂ ಕನಸು ಬಿದ್ದಿತ್ತು. ಹಂದನಕೆರೆಯ ತವರಿನಲ್ಲಿ ನನ್ನ ಅವ್ವ ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಆವತ್ತು ನಾನು ನಾಲ್ಕು ರವಿಕೆ ಹೊಲಿದೆ, ಒಂದನ್ನೂ ಬಿಚ್ಚಲಿಲ್ಲ.

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಸಂಜೆ ಮೆಲ್ಲಗೆ ಕೇಳಿದರು, "ವಾರಕ್ಕೊಂದು ರಾತ್ರಿ ಬುಟ್ಬುಡಾಣ. ಶನಿವಾರ. ನಿಂಗೂ ನಿದ್ದೆ ಆಯ್ತದೆ."

ನಾನು ಒಪ್ಪಿದೆ. ಅತ್ತೆಗೆ ಹೇಳಬಾರದು ಎಂದೂ ನಾನೇ ಅಂದೆ.

ಶನಿವಾರದ ಜೊತೆಗೆ ಬುಧವಾರ ಸೇರಿತು. ಆಮೇಲೆ ಯಾವ ದಿನ ಎಂಬ ಲೆಕ್ಕ ತಪ್ಪಿತು. ಹಗಲಲ್ಲಿ ಇಬ್ಬರೂ ಆ ಮಾತು ಎತ್ತುತ್ತಿರಲಿಲ್ಲ. ದೀಪ ಆರಿಸುವ ಮುಂಚೆ ಅವರು ನನ್ನ ಕಡೆ ನೋಡುವರು, ನಾನು ಅಲಾರಂ ಹಾಕದೆ ಫೋನನ್ನು ಬೋರಲಾಗಿಡುವೆನು. ಅತ್ತೆ ಒಂದು ದಿನ ಬಟ್ಟೆ ಒಣಹಾಕುತ್ತ, "ನಿನ್ ಮುಖ ಈಗೀಗ ಪರವಾಗಿಲ್ಲ ಕಣೇ, ಕಣ್ ಕೆಳಗಿನ ಕಪ್ಪು ಹೋಯ್ತು" ಅಂದರು. ಅವರು ಮನಸಾರೆ ಅಂದದ್ದು. ನನಗೆ ಚುಚ್ಚಿದ ಹಾಗಾಯಿತು.

ನಮ್ಮವರು ಕನಸಿನಲ್ಲಿ ದೂರ ದೂರ ಹೋಗುತ್ತಿದ್ದರು. ಬೇಲಿ ದಾಟಿ, ರಸ್ತೆ ದಾಟಿ, ಕೆರೆ ಏರಿಯ ಮೇಲೆ. ಎಲ್ಲಿಗೆ ಹೊರಟಿದ್ದೀರಿ ಎಂದು ಒಂದು ಬೆಳಗ್ಗೆ ಕೇಳಿಯೇಬಿಟ್ಟೆ.

"ಸಂಪಿಗೆ ತೋಟಕ್ಕೆ."

ಬಿದ್ದ ತೋಟ. "ಅಲ್ಯಾಕ್ರೀ?"

"ಇಳೀಬೇಕು ಕಣೇ. ಹತ್ತಿದ್ದು ಹತ್ತಿದಂಗೇ ಐತೆ. ನಾನು ಇಳಿದಿಲ್ಲ. ಬಿದ್ದೆ, ಇಳಿಲಿಲ್ಲ. ಕಣ್ ಮುಚ್ಚಿದ್ರೆ ಇನ್ನೂ ಅಲ್ಲೇ ಗೊನೆ ಹಿಡ್ಕಂಡು ಕೂತಿರಂಗೆ ಆಯ್ತದೆ. ಒಂದ್ಸಲ ಕಾಲೂರಿ ಇಳಿದ್ಬುಟ್ರೆ ಸಾಕು."

ಎರಡು ವರ್ಷದಲ್ಲಿ ಆ ದಿನದ ಬಗ್ಗೆ ಅವರು ಆಡಿದ ಮೊದಲ ಮಾತು ಅದು. ನಾನು ನೀರು ಕಾಯಿಸಲು ಎದ್ದುಹೋದೆ.

ಅದೇ ವಾರ ಒಂದು ಬೆಳಗ್ಗೆ ಮೈ ಒರೆಸುವಾಗ ಕೆಂಪು ಕಂಡಿತು. ಒತ್ತಿದೆ. ಬೆಳ್ಳಗಾಗಲಿಲ್ಲ. ಮತ್ತೊಮ್ಮೆ, ಇನ್ನೂ ಗಟ್ಟಿಯಾಗಿ ಒತ್ತಿದೆ. ಆ ಕೆಂಪು ಬೆರಳಿನ ಕೆಳಗೆ ಹಾಗೆಯೇ ಇತ್ತು.

"ಇವತ್ತಿಂದ ಅಲಾರಂ ಹಾಕ್ತೀನಿ" ಅಂದೆ.

"ಇವತ್ತೊಂದಿನ ಬುಡು. ನಿನ್ನೆ ತೋಟದ ಗೇಟ್ ತಂಕ ಹೋಗಿದ್ದೆ. ಒಂದೇ ರಾತ್ರಿ."

ನಾನು ಬೇಡ ಅನ್ನಬೇಕಿತ್ತು. ಅವರ ಕಣ್ಣು ನೋಡಿ ಬಿಟ್ಟೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಹಿಂದಿನ ದಿನವೆಲ್ಲ ಮದುವೆ ಬಟ್ಟೆ ಹೊಲಿದು ನನ್ನ ಬೆನ್ನು ಸೀಳುತ್ತಿತ್ತು ಎಂಬುದೂ ನಿಜ. ಆ ರಾತ್ರಿಯೂ ಫೋನು ಬೋರಲಾಯಿತು. ಬೆಳಗ್ಗೆ ಅಲ್ಲಿ ಚರ್ಮ ಸುಲಿದು ಒಂದು ರೂಪಾಯಿ ಅಗಲ ಹಸಿ ಮಾಂಸ ಕಾಣುತ್ತಿತ್ತು. ಅಷ್ಟಾದರೂ ಕನಸಿನಲ್ಲಿ ಅವರು ತೋಟದ ಗೇಟು ದಾಟಿರಲಿಲ್ಲ.

ಅವತ್ತಿನಿಂದ ಅಲಾರಂ ಮತ್ತೆ ಹಾಕಿದೆ. ಆದರೆ ಅತ್ತೆಗೆ ತಿಳಿಯಬಾರದೆಂದು ಗಾಯವನ್ನು ನಾನೇ ಉಪ್ಪುನೀರಲ್ಲಿ ತೊಳೆದು ಮುಲಾಮು ಹಚ್ಚಿ ಮುಚ್ಚಿದೆ. ಆರನೆಯ ದಿನ ಕೋಣೆಯಲ್ಲಿ ವಾಸನೆ. ಎಂಟನೆಯ ದಿನ ಮಧ್ಯಾಹ್ನ ಅವರಿಗೆ ಚಳಿ ಶುರುವಾಯಿತು. ಮೂರು ಕಂಬಳಿ ಹೊದಿಸಿದರೂ ಹಲ್ಲು ಕಟಕಟ. ಅಂಗೈಯನ್ನು ಮುಖದ ಮುಂದೆ ತಂದು ಬೆರಳು ಎಣಿಸುತ್ತಿದ್ದರು. ಐದಕ್ಕೆ ನಿಲ್ಲುತ್ತಿರಲಿಲ್ಲ. ಆರು, ಏಳು, ಎಂಟು.

"ಕನಸಾ ಇದು?" ಎಂದು ನನ್ನನ್ನು ಕೇಳಿದರು.

"ಅಲ್ಲ ಕಣ್ರೀ. ನಾನಿದೀನಿ, ನೋಡಿ ಇಲ್ಲಿ."

"ಹಂಗಾರೆ ಎದ್ದು ನಡೀತೀನಿ ಇರು" ಎಂದು ಮಂಚದಿಂದ ಮೈಯನ್ನು ಕೆಳಕ್ಕೆ ದಬ್ಬತೊಡಗಿದರು. ಹಿಡಿದುಕೊಳ್ಳಲು ನನ್ನ ಶಕ್ತಿಯೆಲ್ಲ ಬೇಕಾಯಿತು. ಅತ್ತೆ ಕುಂಟುತ್ತ ಬಂದು, ವಾಸನೆಗೆ ನಿಂತು, ಕಂಬಳಿ ಸರಿಸಿ ನೋಡಿದರು. ನನ್ನ ಕಡೆ ತಿರುಗಿದರು. ಬೀದಿಗೆ ಹೋಗಿ ಕೂಗಿದರು.

ಪಕ್ಕದ ಮನೆಯವರ ಗೂಡ್ಸ್ ಆಟೋದಲ್ಲಿ ಹಾಸಿಗೆ ಸಮೇತ ಮಲಗಿಸಿ ತಿಪಟೂರಿಗೆ ಹೊರಟೆವು. ದಾರಿಯುದ್ದಕ್ಕೂ ಅವರು ಬೆರಳು ಎಣಿಸುತ್ತಲೇ ಇದ್ದರು, ನಾನು ಆ ಕೈಯನ್ನು ಮುಚ್ಚಿ ಹಿಡಿಯುತ್ತಲೇ ಇದ್ದೆ. ತಿಪಟೂರಿನಲ್ಲಿ ನೋಡಿದವರು, ಸೋಂಕು ರಕ್ತಕ್ಕೆ ಏರಿದೆ, ತುಮಕೂರಿಗೆ ಒಯ್ಯಿರಿ ಎಂದು ಆಂಬುಲೆನ್ಸ್ ಹತ್ತಿಸಿದರು.

ತುಮಕೂರಿನ ಆಸ್ಪತ್ರೆಯಲ್ಲಿ ಮೂರನೆಯ ದಿನ ಜ್ವರ ಇಳಿಯಿತು. ಗಾಯ ಮೇಲಿಂದ ಕಾಣುವುದಕ್ಕಿಂತ ಒಳಗೆ ಬಹಳ ದೊಡ್ಡದಿತ್ತು. ಕೊಳೆತದ್ದನ್ನು ಕತ್ತರಿಸಿ ತೆಗೆದ ಮೇಲೆ ನನ್ನ ಮುಷ್ಟಿ ಹಿಡಿಸುವಷ್ಟು ಗುಳಿ. ಡಾಕ್ಟರು, ವಯಸ್ಸಾದ ಹೆಂಗಸು, ನನ್ನನ್ನು ನಮ್ಮವರ ಮಂಚದ ಪಕ್ಕದಲ್ಲೇ ನಿಲ್ಲಿಸಿ ಕೇಳಿದರು.

"ಎರಡು ಗಂಟೆಗೊಂದ್ಸಲ ತಿರುಗಿಸ್ತಿದ್ರಾ?"

"ಹೂಂ" ಅಂದೆ.

"ರಾತ್ರಿನೂ?"

"ಹೂಂ."

ಬೋರಲಾಗಿ ಮಲಗಿದ್ದ ಅವರು ತಲೆ ಹೊರಳಿಸಿದರು. "ಇಲ್ಲ ಡಾಕ್ಟ್ರೇ. ನಾನೇ ಬ್ಯಾಡ ಅಂದಿದ್ದು. ಅವಳ್ದೇನೂ ತಪ್ಪಿಲ್ಲ."

ಡಾಕ್ಟರು ಅವರನ್ನು ಬೈದರು. ನಾನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆ, ಬಾಯಿ ಬಿಡಲಿಲ್ಲ. ಆವತ್ತಿನ ಮೌನಕ್ಕೆ ಇವತ್ತೂ ನನಗೆ ಸಮಾಧಾನವಿಲ್ಲ.

ನಲವತ್ತು ದಿನ ಅಲ್ಲಿ, ಆಮೇಲೆ ಮನೆಯಲ್ಲಿ ಮೂರು ತಿಂಗಳು, ಅವರು ಹೊಟ್ಟೆಯ ಮೇಲೆ, ಇಲ್ಲವೆ ಮಗ್ಗುಲಲ್ಲೇ ಮಲಗಬೇಕಾಯಿತು. ಕನಸಿನ ಮಾತೇ ಇರಲಿಲ್ಲ. ಮನೆಗೆ ಬಂದ ಮೊದಲ ವಾರವೇ ನಾನು ಅತ್ತೆಯ ಮುಂದೆ ಎಲ್ಲ ಹೇಳಿಕೊಂಡೆ. ಅವರು ಕೇಳಿದರು, ನಾನು ನಿದ್ದೆಯ ಆಸೆಗೆ ಒಪ್ಪಿದೆ ಎಂದು. ಅತ್ತೆ ಅಂದರು, "ನಂಗೊಂದ್ ಮಾತು ಹೇಳಿದ್ರೆ ನಾನು ಏಳ್ತಿರ್ಲಿಲ್ವೇನೇ? ಮಂಡಿ ನೋಯ್ತೈತೆ ನಿಜ. ಹಂಗಂತ ಅವನು ನನ್ ಮಗ ಅಲ್ವಾ?"

ಆಸ್ಪತ್ರೆಯಲ್ಲಿ ಮಡಿಸಿದ ದುಪ್ಪಟಿಯನ್ನು ರೋಗಿಯ ಕೆಳಗೆ ಹಾಸಿ, ಅದನ್ನು ಎಳೆದು ಉರುಳಿಸುವುದನ್ನು ಕಲಿಸಿದ್ದರು. ಹಾಗೆ ಮಾಡಿದರೆ ಹೆಚ್ಚು ಬಲ ಬೇಡ. ಹತ್ತು ಗಂಟೆಯ ಮತ್ತು ಹನ್ನೆರಡರ ಸರದಿಯನ್ನು ಅತ್ತೆ ತೆಗೆದುಕೊಂಡರು. ಎರಡು ಮತ್ತು ನಾಲ್ಕು ನನ್ನದು. ಎಂಟೂವರೆಗೆ ಮಲಗಿದರೆ ನನಗೆ ಐದು ತಾಸಿನ ನಿದ್ದೆ ಸಿಗತೊಡಗಿತು. ಇಷ್ಟು ಸುಲಭದ ದಾರಿ ಎರಡು ವರ್ಷ ಯಾಕೆ ಹೊಳೆಯಲಿಲ್ಲವೋ. ಕೇಳಿದರೆ ಸೊಸೆಗೆ ಆಗಲಿಲ್ಲ ಅಂದುಕೊಳ್ಳುತ್ತಾರೆ ಎಂಬ ಅಳುಕು ನನಗಿತ್ತು. ಅತ್ತೆಗೆ ತಾವಾಗಿ ಕೈ ಹಾಕಿದರೆ ನನಗೆ ಬೇಸರವಾದೀತು ಎಂದಿತ್ತಂತೆ.

ಗಾಯ ಮುಚ್ಚಿಕೊಳ್ಳುತ್ತಿದ್ದ ದಿನಗಳಲ್ಲಿ ಒಂದು ಮಧ್ಯಾಹ್ನ ಅವರು ಹಳೆಯ ನೋಟ್‌ಬುಕ್ಕನ್ನು ಮೊದಲ ಹಾಳೆಯಿಂದ ಓದುತ್ತಿದ್ದರು. ನನ್ನನ್ನು ಕರೆದು ಪುಟಗಳನ್ನು ತೋರಿಸಿದರು. ನಡೆದ ಕನಸುಗಳ ಮುಂದೆಲ್ಲ ಒಂದೊಂದು ಗೀಟು ಹಾಕಿದ್ದರು. ಒಟ್ಟು ಹದಿಮೂರು.

"ಇದ್ರಲ್ಲಿ ಹನ್ನೊಂದು ನಿನ್ನ ನಾಲ್ಕು ಗಂಟೆ ಅಲಾರಂ ಆದ್ಮೇಲೆ ಬಿದ್ದಿದ್ದು. ಉರುಳ್ಸಿದ್ ಮೇಲೆ ಅರ್ಧ ಎಚ್ಚರ ಇದ್ದು ಮತ್ತೆ ನಿದ್ದೆ ಹತ್ತುತ್ತಲ್ಲ, ಆಗ. ಎಬ್ಬಿಸ್ದೆ ಬುಟ್ಟ ರಾತ್ರಿಗಳಲ್ಲಿ ಬಂದಿದ್ದು ಎರಡೇ."

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕೈಯಲ್ಲಿದ್ದ ಕತ್ತರಿಯನ್ನು ನೆಲಕ್ಕೆ ಎಸೆದೆ. ಅವರ ಕನಸು ಕೆಡಿಸುವವಳು ಎಂದು ಬೈಸಿಕೊಂಡವಳು ನಾನು. ಅವರನ್ನು ಎಬ್ಬಿಸಿ ಎಬ್ಬಿಸಿ ಕನಸು ತರಿಸಿದವಳೂ ನಾನೇ. ಆ ಗುಳಿ, ಆ ನಲವತ್ತು ದಿನ, ಯಾವುದೂ ಆಗಬೇಕಿರಲಿಲ್ಲ.

"ನಾನು ನಿದ್ದೆ ಆಸೆಗೆ ಒಪ್ಕಂಡೆ ಕಣ್ರೀ" ಅಂದೆ. ಅಳು ಬರಲಿಲ್ಲ, ಸಿಟ್ಟಿನಲ್ಲೇ ಹೇಳಿದೆ. "ಡಾಕ್ಟ್ರು ಮುಂದೆ ನೀವೊಬ್ರೇ ಬೈಸ್ಕಂಡ್ರಿ."

"ಗೊತ್ತಿತ್ತು ಕಣೇ. ನಿನ್ ನಿದ್ದೆ ತೋರ್ಸಿ ತಾನೇ ನಾನು ಒಪ್ಪಿಸ್ಕಂಡಿದ್ದು."

ನಾನು ಕತ್ತರಿ ಎತ್ತಿಕೊಂಡು ಯಂತ್ರದ ಮುಂದೆ ಹೋಗಿ ಕೂತೆ. ಅದು ಜಗಳವೂ ಅಲ್ಲ, ರಾಜಿಯೂ ಅಲ್ಲ. ಮಾರನೆಯ ಸಂಜೆ ನಾನೇ ಹೋಗಿ ಆ ಮೂವರು ಗೆಳೆಯರನ್ನು ಕರೆದುಕೊಂಡು ಬಂದೆ. ಹಿರಿಯವರು ಒಳಗೆ ಬರಲು ಹಿಂಜರಿದು ಬಾಗಿಲಲ್ಲೇ ನಿಂತರು. "ಬಾರಣ್ಣ, ಕೂತ್ಕ" ಎಂದು ನಮ್ಮವರು ಮಂಚದ ಅಂಚನ್ನು ತಟ್ಟಿದರು.

ಈಗ ಸೆಳೆತದ ಮಾತ್ರೆ ನುಂಗುತ್ತಾರೆ, ನುಂಗಿದರೆ ಬಾಯಿ ತೆರೆದು ತೋರಿಸಬೇಕು ಎಂದು ಅತ್ತೆಯ ಆಜ್ಞೆ. ಮಧ್ಯಾಹ್ನ ನೆರಳಿಗೆ ಹೋಗುತ್ತಾರೆ. ಬೆರಳು ಎಣಿಸುವುದನ್ನು ಬಿಟ್ಟಿಲ್ಲ. ತಿಂಗಳಿಗೆ ಒಂದೋ ಎರಡೋ ಸಲ, ನಾಲ್ಕು ಗಂಟೆಯ ಸರದಿಯ ಮೇಲೆ, ಅವರಿಗೆ ಆ ಕನಸು ಸಿಗುತ್ತದೆ. ಕೆಲವು ತಿಂಗಳು ಏನೂ ಇಲ್ಲ. ಆ ತಿಂಗಳುಗಳಲ್ಲಿ ಅವರು ನನ್ನನ್ನು ನೋಡುವ ನೋಟದಲ್ಲಿ ಹಳೆಯ ಬೇಡಿಕೆ ಇಣುಕುತ್ತದೆ. ನಾನು ಕಣ್ಣು ತಪ್ಪಿಸುವುದಿಲ್ಲ. ಫೋನನ್ನು ಅವರ ಕೈಗೆಟುಕದ ಗೂಡಿನಲ್ಲಿಡುತ್ತೇನೆ.

ಹೋದ ಕಾರ್ತಿಕದಲ್ಲಿ ಒಂದು ಬೆಳಗ್ಗೆ ಬರೆದು ಮುಗಿಸಿದ ಮೇಲೆ ತಾವಾಗಿಯೇ ಹೇಳಿದರು, ಸಂಪಿಗೆ ತೋಟದ ಒಳಗೆ ಹೋಗಿದ್ದೆ ಎಂದು. ಮರದ ಬುಡಕ್ಕೆ ಹೋಗಿ ತಬ್ಬಿಕೊಂಡರಂತೆ.

"ಹತ್ತಿದ್ರಾ?" ಅಂದೆ.

"ಇಲ್ಲ. ಕತ್ತೆತ್ತಿ ನೋಡ್ದೆ. ಮೇಲೆ ಯಾರೂ ಇರ್ಲಿಲ್ಲ ಕಣೇ."

ಅಷ್ಟು ಹೇಳಿ ಗೋಡೆಯ ಕಡೆ ನೋಡುತ್ತ ಮಲಗಿದ್ದರು. ಬಹಳ ಹೊತ್ತು ನಾನು ಅವರ ಪಕ್ಕದಲ್ಲೇ ಕೂತಿದ್ದೆ. ಹೊರಗೆ ಅತ್ತೆ ಯಾರಿಗೋ ರವಿಕೆ ಇನ್ನೂ ಆಗಿಲ್ಲ, ಸಂಜೆ ಬಾ ಎಂದು ಹೇಳಿ ಕಳಿಸುತ್ತಿದ್ದರು.